ಗಣಿತದ ಮೇಡಂ ಮತ್ತು ಮೂರನೇ ಸ್ವರ

ನಮ್ಮ ಶಾಲೆಯಲ್ಲಿ ಯಾರು ನಿವೃತ್ತರಾದರೂ ಮಾತಾಡುವ ಕೆಲಸ ನನ್ನ ತಲೆಗೇ ಬರುತ್ತದೆ. ಕನ್ನಡ ಮೇಡಂ ಅಲ್ಲವೇ, ಬಾಯಿ ಬಿಟ್ಟರೆ ಮುತ್ತು ಉದುರುತ್ತದೆ ಎಂದು ಎಲ್ಲರ ನಂಬಿಕೆ. ಕಳೆದ ತಿಂಗಳು ಗಣಿತದ ಮೇಡಂ ನಿವೃತ್ತರಾದಾಗಲೂ ನನ್ನನ್ನೇ ನಿಲ್ಲಿಸಿದರು. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಮುಗಿದಿತ್ತು. ನಾನು ಶಿಸ್ತು, ಸರಳತೆ, ಸಮಯಪಾಲನೆ ಎಂದು ಎಲ್ಲರಿಗೂ ಹೊಂದುವ ನಾಲ್ಕು ಮಾತು ಹೇಳಿ, ಅದರ ಮೇಲೊಂದು ಗಾದೆ ಇಟ್ಟು, ಬಂದು ಕೂತೆ. ಅವರಿಗೆ ಸಮಯಪಾಲನೆ ಎಂಬುದು ಇರಲೇ ಇಲ್ಲ. ದಿನಾ ಬೆಳಿಗ್ಗೆ ಶಿರಾ ಬಸ್ ನಿಲ್ದಾಣದಲ್ಲಿ ಕಂಡಕ್ಟರ್ ವಿಷಲ್ ಹಾಕಿದ ಮೇಲೆಯೇ ಅವರು ಸೆರಗು ಸಿಕ್ಕಿಸಿಕೊಂಡು ಓಡಿ ಬರುತ್ತಿದ್ದದ್ದು.

ಕಾರ್ಯಕ್ರಮದ ಕೊನೆಗೆ ಹೆಡ್‌ಮಾಸ್ತರು, "ಮೇಡಂ, ನಿಮ್ಮ ಆ ಗಿಟಾರು ಒಂಚೂರು ಬಾರಿಸಿಬಿಡಿ, ಮಕ್ಕಳಿಗೆ ಖುಷಿಯಾಗುತ್ತೆ" ಎಂದರು. ಅದು ಗಿಟಾರಲ್ಲ, ಯುಕುಲೇಲಿ ಎಂದು ಅವರಿಗೆ ಎಷ್ಟು ಸಲ ಹೇಳಿದರೂ ಅಷ್ಟೆ. ಮೇಡಂ ಕೈ ಮುಗಿದು, "ಬ್ಯಾಡ ಸಾರ್, ಬುಟ್ಬುಡಿ" ಎಂದು ತಲೆ ತಗ್ಗಿಸಿದರು. ಮಕ್ಕಳು ಹೋ ಎಂದು ಕೂಗಿದರು. ಸಂಕೋಚ ಎಂದುಕೊಂಡು ಎಲ್ಲರೂ ಸುಮ್ಮನಾದರು. ಅವರು ಯಾಕೆ ಬೇಡವೆಂದರು ಎಂಬುದು ನನಗೆ ಗೊತ್ತಿತ್ತು. ಅದು ಶಾಮಿಯಾನದ ಕೆಳಗೆ ಮೈಕಿನಲ್ಲಿ ಹೇಳುವ ಮಾತಾಗಿರಲಿಲ್ಲ.

ಇಬ್ಬರೂ ಶಿರಾದಲ್ಲಿ ಬಾಡಿಗೆ ಮನೆ ಮಾಡಿಕೊಂಡಿದ್ದವರು. ಕಳ್ಳಂಬೆಳ್ಳದ ಕಡೆಯ ನಮ್ಮ ಹಳ್ಳಿ ಶಾಲೆಗೆ ಒಂದೇ ಬಸ್ಸು, ಒಂದೇ ಸೀಟು. ನನ್ನೂರು ಕೊರಟಗೆರೆ. ನನಗೆ ಮಾತಿಲ್ಲದೆ ಹೊತ್ತು ಹೋಗುವುದಿಲ್ಲ. ಅವರು ಮಾತಿಗೆ ಜಿಪುಣರು. ಕುಳ್ಳನೆಯ ಆಳು, ದಪ್ಪ ಕನ್ನಡಕ, ಯಾವಾಗಲೂ ಕಿವಿಯ ಹಿಂದೆ ಸಿಕ್ಕಿಸಿದ ಚಾಕ್‌ಪೀಸು. ಬಸ್ಸಿನಲ್ಲಿ ಅದನ್ನು ತೆಗೆಯಲು ಮರೆತು ಬರುವರು, ನಾನು ತೆಗೆದು ಬ್ಯಾಗಿಗೆ ಹಾಕುವೆ. ತರಗತಿಯಲ್ಲಿ ಅವರದು ಒಂದೇ ಮಂತ್ರ. ಉತ್ತರ ಸರಿಯಿದ್ದರೂ ಲೆಕ್ಕದ ಹಂತ ಬರೆಯದ ಹುಡುಗರಿಗೆ, "ಎಲ್ಲಿಂದ ಬಂದೆ ಅನ್ನಾದು ಗೊತ್ತಿಲ್ದಿದ್ರೆ ಎಲ್ಲಿಗೆ ಬಂದ್ರೂ ಒಂದೇ ಕಣ್ಲಾ" ಎನ್ನುವರು. ಅರ್ಧ ಅಂಕ ಕತ್ತರಿಸುವರು. ಪೋಷಕರು ಜಗಳಕ್ಕೆ ಬಂದರೆ ಅವರಿಗೂ ಅದೇ ಮಾತು.

ಅವರು ಶಿರಾ ಸೀಮೆಯದೇ ಒಂದು ಹಟ್ಟಿಯ ಮಗಳು. ಹಟ್ಟಿ ಎಂದರೆ ಕುರಿ ಸಾಕುವವರ ಊರು. ಅವರ ತಂದೆ ಗಣೆ ಊದುತ್ತಿದ್ದವರು. ಗಣೆಯನ್ನು ಕಾಣದವರಿಗೆ ಹೇಳುವುದಾದರೆ ಅದು ಕೊಳಲಿನ ದೊಡ್ಡಪ್ಪ. ತೋಳಿಗಿಂತ ಉದ್ದದ ಬಿದಿರು, ಕೆಲವೇ ತೂತು, ಎದೆಯಿಂದ ಹೊರಟಂಥ ದನಿ. ಹಟ್ಟಿಯವರು ತಮ್ಮ ದೇವರ ಕಥೆಯನ್ನು ಅದರ ಜೊತೆಗೇ ಹಾಡುತ್ತಾರೆ. ಹಾಗಾಗಿ ಅದು ಬರೀ ವಾದ್ಯವಲ್ಲ, ದೇವರ ಸಾಮಾನು.

"ನಮ್ಮನೇಲಿ ಹೆಣ್ಮಕ್ಳು ಗಣೆ ಮುಟ್ಟಂಗಿರ್ಲಿಲ್ಲ ಕಣ್ರೀ," ಎಂದು ಒಮ್ಮೆ ಹೇಳಿದ್ದರು. "ಒರೆಸಾಕೂ ಬುಡ್ತಿರ್ಲಿಲ್ಲ. ಆದ್ರೆ ಕೇಳಾಕೆ ಯಾರ ಅಪ್ಪಣೆ ಬೇಕು? ನಾನು ಮುದ್ದೆ ತಗಂಡು ಹೋಗ್ತಿದ್ದೆ. ಅಪ್ಪ ಉಂಡು, ಕೈ ತೊಳ್ಕಂಡು, ಹೊಂಗೆ ಮರದ ಕೆಳಗೆ ಕುಂತು ಊದೋನು. ಐದೇ ದನಿ. ಅದ್ರಲ್ಲಿ ಮೂರನೇದು ಬಂದಾಗ ಕುರಿಗಳು ತಲೆ ಎತ್ತಿ ನೋಡ್ತಿದ್ವು."

"ಕುರಿಗೇನು ಗೊತ್ತು ಮೇಡಂ ಮೂರನೇದು ನಾಲ್ಕನೇದು?" ಎಂದು ನಾನು ನಕ್ಕೆ.

"ನಿಮ್ಮಷ್ಟು ಗೊತ್ತಿರ್ಲಿಲ್ಲ ಬುಡಿ," ಎಂದು ಕಿಟಕಿಯ ಕಡೆ ತಿರುಗಿದರು.

ಇವರು ಬಿ.ಎಡ್. ಓದುತ್ತಿದ್ದಾಗಲೇ ತಂದೆ ತೀರಿಕೊಂಡರು. ಗಂಡು ಮಕ್ಕಳಿಲ್ಲ. ಗಣೆಯನ್ನು ಬಟ್ಟೆ ಸುತ್ತಿ ಗುಡಿಯೊಳಗೆ ಇಟ್ಟರು. ಅಲ್ಲಿಗೆ ಪೂಜಾರಿ ಇವರ ಚಿಕ್ಕಪ್ಪನ ಮಗ. ಊದುವವನು ಹಟ್ಟಿಯಲ್ಲಿ ಹುಟ್ಟುವವರೆಗೂ ಅದು ಹೊರಗೆ ಬರುವಂತಿಲ್ಲ ಎಂದು ಅವನ ಹಟ. ತಂದೆಯ ಕಾಲಕ್ಕೆ ಹಟ್ಟಿಯಲ್ಲಿ ಒಂದು ಟೇಪ್ ರೆಕಾರ್ಡರ್ ಇತ್ತಂತೆ, ಅದರಲ್ಲಿ ಸಿನಿಮಾ ಹಾಡು ಬಿಟ್ಟು ಬೇರೇನೂ ಓಡಲಿಲ್ಲ. ಬೇರೆ ಹಟ್ಟಿಗಳಲ್ಲಿ ಗಣೆ ಊದುವವರು ಇದ್ದಾರೆ. ಮೇಡಂ ಭಾನುವಾರಗಳಂದು ಹುಡುಕಿಕೊಂಡು ಹೋಗಿ ಕೇಳಿ ಬಂದಿದ್ದರು. "ಎಲ್ಲಾ ಚೆನ್ನಾಗೇ ಊದ್ತಾರೆ. ಆದ್ರೆ ತೂತನ್ನ ಅವರವರ ಬೆರಳಳತೆ ಮೇಲೆ ಕೊರ್ಕಂತಾರೆ. ಒಂದು ಗಣೆ ದನಿ ಇನ್ನೊಂದಕ್ಕಿಲ್ಲ. ನಮ್ಮಪ್ಪಂದು ನಮ್ಮಪ್ಪನ ಬೆರಳಿಂದು" ಎಂದರು. ಹೀಗೆ ಆ ಐದು ದನಿಗಳು ಇಡೀ ಲೋಕದಲ್ಲಿ ಅವರ ಕಿವಿಯೊಳಗೆ ಮಾತ್ರ ಉಳಿದಿದ್ದವು.

ಯುಕುಲೇಲಿ ಬಂದದ್ದು ಆಕಸ್ಮಿಕ. ಯಾರೋ ದಾನಿಗಳು ಶಾಲೆಗೆ ಆಟದ ಸಾಮಾನಿನ ಪೆಟ್ಟಿಗೆ ಕೊಟ್ಟರು. ಚೆಂಡು, ಸ್ಕಿಪ್ಪಿಂಗ್ ಹಗ್ಗ, ಕೇರಂ ಕಾಯಿಗಳ ನಡುವೆ ಇದೂ ಇತ್ತು, ಗಿಟಾರಿನ ಮರಿಯ ಹಾಗೆ. ನಾಲ್ಕು ನೈಲಾನ್ ತಂತಿ. ಮಕ್ಕಳು ಒಂದು ವಾರ ಟುಯ್ಯೆನ್ನಿಸಿದರು, ಆಮೇಲೆ ಬೀರುವಿನ ಮೇಲೆ ಧೂಳು ತಿನ್ನುತ್ತಿತ್ತು. ಒಂದು ದಿನ ಊಟದ ಹೊತ್ತಿನಲ್ಲಿ ಮೇಡಂ ಅದನ್ನು ಇಳಿಸಿ, ಸೆರಗಿನಲ್ಲಿ ಒರೆಸಿ, ಒಂದು ತಂತಿಯನ್ನು ಮೀಟಿ ಕಣ್ಣು ಮುಚ್ಚಿದರು. ಮತ್ತೆ ಮೀಟಿದರು. ಡಬ್ಬಿಯಲ್ಲಿ ಚಿತ್ರಾನ್ನ ಹಾಗೇ ಉಳಿಯಿತು.

"ಕೊಳಲೇ ಕೊಳ್ಳಬಹುದಿತ್ತಲ್ಲ?" ಎಂದು ಬಸ್ಸಿನಲ್ಲಿ ಕೇಳಿದೆ. "ಗಾಳಿ ವಾದ್ಯಕ್ಕೆ ಗಾಳಿ ವಾದ್ಯ ಹತ್ತಿರ."

"ಊದಾಕೆ ಬಾಯಿ ಹೋಗಲ್ಲ ಕಣ್ರೀ. ಅಪ್ಪ ಗದರ್ದಂಗಾಗ್ತದೆ." ಸಣ್ಣಗೆ ನಕ್ಕರು. "ತಂತಿ ಮೀಟಬ್ಯಾಡ ಅಂತ ಮಾತ್ರ ನಮ್ಮನೇಲಿ ಯಾರೂ ಹೇಳಿರ್ಲಿಲ್ಲ."

ಬೇಸಿಗೆ ರಜೆಯಲ್ಲಿ ತುಮಕೂರಿಗೆ ಹೋಗಿ ಸ್ವಂತದ್ದೊಂದು ತಂದರು. ಅಲ್ಲಿಂದ ಶುರುವಾಯಿತು ನೋಡಿ ಅವರ ಅಭ್ಯಾಸ. ಬಿಡುವಿನ ಪೀರಿಯಡ್ಡಿನಲ್ಲಿ, ಊಟ ಮುಗಿಸಿ, ಸಂಜೆ ಬಸ್ಸು ಬರುವವರೆಗೆ ಹುಣಸೆ ಮರದ ಕಟ್ಟೆಯ ಮೇಲೆ. ಬಸ್ಸಿನಲ್ಲೂ ಬಿಡುತ್ತಿರಲಿಲ್ಲ. ಎಡಗೈ ಬೆರಳುಗಳು ಊಟದ ಡಬ್ಬಿಯ ಮುಚ್ಚಳದ ಮೇಲೆ ಒತ್ತುತ್ತ ಹತ್ತುವವು, ಇಳಿಯುವವು, ಬಾಯಲ್ಲಿ ಗುಂಯ್ ಎಂದು ಸಣ್ಣ ದನಿ. ಎಡಗೈ ಬೆರಳ ತುದಿಗಳು ಜಡ್ಡುಗಟ್ಟಿದವು. ಕೇಳಲು ನನಗಂತೂ ಬೇಜಾರೋ ಬೇಜಾರು. ಹಾಡಾದರೂ ಬಾರಿಸಿದರೆ ಕೇಳಬಹುದು. ಇವರದು ಐದು ಸ್ವರ, ಹತ್ತುವುದು, ಇಳಿಯುವುದು, ಮೂರನೆಯದರ ಹತ್ತಿರ ಬಂದು ನಿಲ್ಲುವುದು, ಹಲ್ಲು ಕಚ್ಚುವುದು, ಮತ್ತೆ ಮೊದಲಿಂದ.

ತೊಂದರೆ ಆ ಮೂರನೆಯದರಲ್ಲೇ ಇತ್ತು. ಯುಕುಲೇಲಿಯ ಕುತ್ತಿಗೆಗೆ ಅಡ್ಡಡ್ಡ ಲೋಹದ ಗೆರೆಗಳಿರುತ್ತವೆ. ಎರಡು ಗೆರೆಗಳ ನಡುವಿನ ಜಾಗವನ್ನು ಮೇಡಂ ಚೌಕಾಬಾರದ ಹಾಗೆ 'ಮನೆ' ಎನ್ನುತ್ತಿದ್ದರು. ಒಂದೊಂದು ಮನೆ ಒತ್ತಿದರೆ ಒಂದೊಂದು ಸ್ವರ. ಅಪ್ಪನ ನಾಲ್ಕು ದನಿಗಳು ಹೇಗೋ ತಂತಮ್ಮ ಮನೆ ಸೇರಿಕೊಂಡವು. ಮೂರನೆಯದಕ್ಕೆ ಮಾತ್ರ ಮನೆಯೇ ಇರಲಿಲ್ಲ.

"ಮೂರನೇ ಮನೆ ಒತ್ತಿದ್ರೆ ಕಮ್ಮಿ, ನಾಲ್ಕನೇ ಮನೆ ಒತ್ತಿದ್ರೆ ಜಾಸ್ತಿ. ಅದು ಎರಡರ ಮಧ್ಯದಾಗೈತೆ" ಎಂದರು.

"ಅಷ್ಟೇ ತಾನೆ? ಹತ್ತಿರದ್ದು ಯಾವುದೋ ಅದನ್ನೇ ಇಟ್ಟುಕೊಳ್ಳಿ."

ಅವರು ನನ್ನನ್ನು ನೋಡಿದ ನೋಟ ಈಗಲೂ ನೆನಪಿದೆ. "ನಿಮ್ಮಪ್ಪನ ಮುಖದಾಗೆ ಮೂಗು ಮಾತ್ರ ಪಕ್ಕದ ಮನೆಯೋರ್ದು ಇಟ್ಕಂತೀರಾ?" ಎಂದರು. ನಾನು ಬಾಯಿ ಮುಚ್ಚಿಕೊಂಡೆ. ನನ್ನ ಬಾಯಿ ಮುಚ್ಚಿಸಿದವರು ಈ ತಾಲ್ಲೂಕಿನಲ್ಲಿ ಬಹಳ ಜನ ಇಲ್ಲ.

ತಂತಿಯನ್ನು ಪಕ್ಕಕ್ಕೆ ಎಳೆದು ಒತ್ತಿ ನೋಡಿದರು. ದನಿ ಏರುತ್ತದೆ, ಆದರೆ ಒಂದು ಸಲ ಏರಿದಷ್ಟೇ ಇನ್ನೊಂದು ಸಲ ಏರುವುದಿಲ್ಲ, ಬೆರಳೂ ಕಿತ್ತುಬರುತ್ತದೆ. ಶಿರಾದಲ್ಲಿ ಬ್ಯಾಂಡ್‌ಸೆಟ್ ಇಟ್ಟುಕೊಂಡು ವಾದ್ಯ ರಿಪೇರಿ ಮಾಡುವ ಒಬ್ಬ ಭಾಯ್ ಇದ್ದಾರೆ, ಅವರ ಹತ್ತಿರ ಹೋದೆವು. ಆ ಎರಡು ಗೆರೆಗಳ ನಡುವೆ ಇನ್ನೊಂದು ಗೆರೆ ಕೂರಿಸಿಕೊಡಿ ಎಂದು ಇವರ ಕೋರಿಕೆ. ಭಾಯ್ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಕೂರಿಸ್ತೀನಿ ಮೇಡಂ, ಮುಷ್ಕಿಲ್ ಏನಿಲ್ಲ. ಆದ್ರೆ ಎಲ್ಲಿ ಕೂರಿಸ್ಬೇಕು? ಜಾಗ ತೋರ್ಸಿ, ಪೆನ್ಸಿಲ್ ಇಡ್ತೀನಿ" ಎಂದರು. ಮೇಡಂ ಕಣ್ಣು ಮುಚ್ಚಿ ಗುನುಗಿದರು, ಬೆರಳಿಟ್ಟರು. ಭಾಯ್ ಗುರುತು ಹಾಕಿದರು. "ಇನ್ನೊಂದ್ಸಲ ಹೇಳಿ ಮೇಡಂ, ಪಕ್ಕಾ ಮಾಡ್ಕೊಳ್ಳೋಣ." ಮತ್ತೆ ಗುನುಗಿದರು. ಈ ಸಲ ಬೆರಳು ಗುರುತಿನ ಮೇಲೆ ಬೀಳಲಿಲ್ಲ, ಕೂದಲೆಳೆಯಷ್ಟು ಆಚೆ ಬಿತ್ತು. ಮೂರನೇ ಸಲ ಇನ್ನೊಂದು ಕಡೆ. ಭಾಯ್ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು, "ಆರಾಮಾಗಿ ಜ್ಞಾಪಕ ಮಾಡ್ಕೊಂಡು ಬನ್ನಿ, ಜಲ್ದಿ ಏನಿಲ್ಲ" ಎಂದು ಮೆತ್ತಗೆ ಹೇಳಿ ವಾಪಸು ಕೊಟ್ಟರು. ಮನೆವರೆಗೂ ಮೇಡಂ ಆ ಪೆನ್ಸಿಲ್ ಗುರುತನ್ನು ಹೆಬ್ಬೆರಳಿನಿಂದ ಉಜ್ಜುತ್ತಲೇ ಬಂದರು. ಅವರು ಹೆದರಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಆಮೇಲೆ ಅವರೇ ಒಂದು ಉಪಾಯ ಕಂಡುಕೊಂಡರು. ನಾಲ್ಕು ತಂತಿಗಳಲ್ಲಿ ಒಂದನ್ನು ಆ ಒಂದೇ ದನಿಗೆ ಮೀಸಲಿಟ್ಟರು. ಅದನ್ನು ಒತ್ತುವುದೇ ಬೇಡ, ಬಿರಡೆಯನ್ನು ತಿರುಗಿಸಿ ಸ್ವಲ್ಪ ಸಡಿಲ ಮಾಡಿ ಬೇಕಾದ ದನಿಗೆ ನಿಲ್ಲಿಸಿಕೊಂಡರೆ ಸಾಕು. ಬಿರಡೆ ತಿರುಗಿಸುವುದಕ್ಕೆ 'ಕಿವಿ ಹಿಂಡೋದು' ಎನ್ನುತ್ತಿದ್ದರು. ನೈಲಾನ್ ತಂತಿ ಬಿಸಿಲಿಗೆ, ಗಾಳಿಗೆ ನಿಂತಲ್ಲಿ ನಿಲ್ಲುವುದಿಲ್ಲ. ಹಾಗಾಗಿ ದಿನಾ ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ ಸ್ಟಾಫ್ ರೂಮಿನಲ್ಲಿ ಕಣ್ಣು ಮುಚ್ಚಿ, ಅಪ್ಪನನ್ನು ನೆನೆದು, ಆ ತಂತಿಯ ಕಿವಿ ಹಿಂಡುವರು. ಹೊಂದಿತು ಎನಿಸಿದಾಗ ಮುಖದ ತುಂಬ ನಗು. "ಬಂದ ನೋಡ್ರಿ" ಎನ್ನುವರು. ಏನು ಬಂತೋ ನನಗೆ ತಿಳಿಯುತ್ತಿರಲಿಲ್ಲ. ಅವರ ನಗು ನೋಡಿ ನನಗೂ ಖುಷಿಯಾಗುತ್ತಿತ್ತು.

ನಮ್ಮ ವಿಜ್ಞಾನದ ಮೇಷ್ಟ್ರು ಪಾವಗಡದ ಕಡೆಯ ಹುಡುಗ, ಹೊಸದಾಗಿ ಕೆಲಸಕ್ಕೆ ಸೇರಿದವರು. ಉತ್ಸಾಹ ಬಂದರೆ ಕನ್ನಡದ ನಡುವೆ ತೆಲುಗು ನುಗ್ಗುತ್ತದೆ. ಅವರ ಫೋನಿನಲ್ಲಿ ತಂತಿಯ ಶ್ರುತಿ ತೋರಿಸುವ ಆ್ಯಪ್ ಇತ್ತು. ದನಿ ಸರಿಯಿದ್ದರೆ ಹಸಿರು, ತಪ್ಪಿದ್ದರೆ ಮುಳ್ಳು ಪಕ್ಕಕ್ಕೆ ವಾಲಿ ಕೆಂಪು. ಮೇಡಂ ಆ ತಂತಿ ಮೀಟಿದಾಗೆಲ್ಲ ಕೆಂಪು. "ಮೇಡಂ, ಇದೊಂದು ತಂತಿ ಲೂಸೈತೆ" ಎಂದು ಅವರು ದಿನಾ ಹೇಳುವರು. "ಅದು ಅಂಗೇ ಇರ್ಬೇಕು ಕಣಪ್ಪ" ಎಂದು ಮೇಡಂ ದಿನಾ ಹೇಳುವರು. ನಮಗೆಲ್ಲ ಅದೊಂದು ತಮಾಷೆಯಾಯಿತು.

ಎರಡನೇ ವರ್ಷದ ಹೊತ್ತಿಗೆ ಮುಳ್ಳು ವಾಲುವುದು ಕಡಿಮೆಯಾಗುತ್ತ ಬಂತು. ಒಂದು ಬೆಳಿಗ್ಗೆ ಮೇಡಂ ಕಣ್ಣು ಮುಚ್ಚಿ ಕಿವಿ ಹಿಂಡಿ, "ಬಂದ" ಎಂದು ತಂತಿ ಮೀಟಿದರು. ವಿಜ್ಞಾನದ ಮೇಷ್ಟ್ರು ಫೋನು ಎತ್ತಿ ಹಿಡಿದು ಕುಣಿದರು. "ವಚ್ಚಿಂದಿ ಮೇಡಂ, ವಚ್ಚಿಂದಿ! ಗ್ರೀನ್ ಬಂತು!"

ನಾವೆಲ್ಲ ಚಪ್ಪಾಳೆ ತಟ್ಟಿದೆವು. ಇಷ್ಟು ದಿನದ ಸಾಧನೆ ಫಲಿಸಿತು ಎಂದು ನಾನು ಕ್ಯಾಂಟೀನಿನಿಂದ ಜಾಮೂನು ತರಿಸಿ ಹಂಚಿದೆ. ಮೇಡಂ ಕೂಡ ನಗುತ್ತಲೇ ತಿಂದರು. ಒಂದು ಗಳಿಗೆ ಮಾತ್ರ ಫೋನಿನ ಆ ಹಸಿರು ದೀಪವನ್ನೇ ನೋಡುತ್ತ ಕೂತಿದ್ದರು. ಅದೇನೆಂದು ನಾನು ಕೇಳಲಿಲ್ಲ, ಅವರಿಗೂ ಗೊತ್ತಿರಲಿಲ್ಲ ಎಂದು ಕಾಣುತ್ತದೆ.

ಅದೇ ಸುಮಾರಿಗೆ ಮಧುಗಿರಿಯಲ್ಲಿ ನಮಗೊಂದು ತರಬೇತಿ ನಡೆಯಿತು. ಊಟದ ಬಿಡುವಿನಲ್ಲಿ ಬೆಟ್ಟದ ಕಡೆ ಮುಖ ಮಾಡಿ ಮೇಡಂ ತಮ್ಮ ಐದು ಸ್ವರ ಹತ್ತಿ ಇಳಿಯುತ್ತಿದ್ದರು. ಜನ ಸೇರಿ, "ಸಿನಿಮಾ ಹಾಡು ಬಾರ್ಸಿ ಮೇಡಂ" ಎಂದರು. ಬರಲ್ಲ ಎಂದರೆ ಯಾರೂ ನಂಬಲಿಲ್ಲ. ಎರಡು ವರ್ಷ ಕಲಿತು ಬರೀ ಐದು ಸ್ವರ ಎಂದರೆ ಯಾರು ತಾನೇ ನಂಬುತ್ತಾರೆ? ಅಲ್ಲಿ ಸಂಗೀತ ಕಲಿತ ಒಬ್ಬ ಶಿಕ್ಷಕಿ ಇದ್ದರು. ಹಿಂದಿನ ವರ್ಷದ ತರಬೇತಿಯಲ್ಲೂ ಇವರದನ್ನು ಕೇಳಿ, "ಇದು ಯಾವ ರಾಗಕ್ಕೂ ಸೇರಲ್ಲ, ಮೂರನೇ ಸ್ವರ ಗಾಂಧಾರವೇ ಅಪಸ್ವರ" ಎಂದು ಮುಖ ಕಿವಿಚಿದ್ದವರು. ಈ ಸಲ ಕೇಳಿ ತಲೆದೂಗಿದರು. "ಪರವಾಗಿಲ್ವೇ, ಒಳ್ಳೇ ಮೋಹನ ರಾಗ. ಈಗ ಸರಿಯಾಗಿ ಬಾರಿಸ್ತೀರಿ."

ಮೇಡಂ ಮೀಟುವುದನ್ನು ನಿಲ್ಲಿಸಿದರು. "ಹೆಸರೈತಾ ಇದಕ್ಕೆ?" ಎಂದು ಕೇಳಿದರು.

"ಮೋಹನ ಅಂದ್ರೆ ಎಲ್ಲರಿಗೂ ಗೊತ್ತಿರೋ ರಾಗ ಅಲ್ವಾ!"

ಬಸ್ಸಿನಲ್ಲಿ ಶಿರಾಗೆ ಬರುವಾಗ ಅವರು ನನ್ನನ್ನು ಕೇಳಿದರು, "ನಮ್ಮಪ್ಪಂದು ಎಲ್ಲಾರ್ಗೂ ಗೊತ್ತಿರೋದು ಹೆಂಗಾಯ್ತು?" ಒಳ್ಳೆಯದೇ ಆಯಿತಲ್ಲ, ನಿಮ್ಮ ತಂದೆ ದೊಡ್ಡ ರಾಗವನ್ನೇ ಊದುತ್ತಿದ್ದರು ಎಂದಾಯಿತು ಎಂದೆ. ಅವರು ಹೂಂ ಎಂದರು. ಡಬ್ಬಿಯ ಮುಚ್ಚಳದ ಮೇಲೆ ಬೆರಳು ಮತ್ತೆ ಹತ್ತತೊಡಗಿದವು.

ಹೋದ ವರ್ಷ ಹಟ್ಟಿಯ ಗುಡಿಗೆ ಹೊಸ ಸೂರು ಹಾಕಿಸಿದರು. ಅಂಥ ದಿನವೂ ಗಣೆ ಮೂಕವಾಗಿದ್ದರೆ ದೇವರು ಏನೆಂದುಕೊಂಡಾನು ಎಂದು ಹಿರಿಯರೆಲ್ಲ ಒತ್ತಾಯ ಮಾಡಿ ಪೂಜಾರಿಯ ಹಟ ಮುರಿದರು. ಬೇರೆ ಹಟ್ಟಿಯಿಂದ ಊದುವ ಮುದುಕರೊಬ್ಬರನ್ನು ಕರೆಸುವುದೆಂದು ತೀರ್ಮಾನವಾಯಿತು. ಊದುವುದು ಮೇಡಂ ಅವರ ತಂದೆಯ ಗಣೆಯನ್ನೇ. ಸುದ್ದಿ ತಿಳಿದ ದಿನ ಮೇಡಂ ತರಗತಿಯಲ್ಲಿ ಕೂಡುವ ಲೆಕ್ಕ ತಪ್ಪಿದರಂತೆ. ಮಕ್ಕಳು ಬಂದು ನನಗೆ ಹೇಳಿದರು. ಬಸ್ಸಿನಲ್ಲಿ ನನ್ನ ಕೈ ಹಿಡಿದುಕೊಂಡು, "ನೀವೂ ಬರ್ಬೇಕು ಕಣ್ರೀ. ನಂಗೆ ಒಬ್ಬಳೇ ಕೇಳಾಕೆ ಆಗಲ್ಲ" ಎಂದರು.

ಹೋದೆ. ಪೂಜೆ ಮುಗಿದು ಮಧ್ಯಾಹ್ನ ಗುಡಿಯ ಮುಂದಿನ ಬೇವಿನ ಮರದ ಕೆಳಗೆ ಎಲ್ಲ ಕೂತಿದ್ದೆವು. ಪೂಜಾರಿ ಬಟ್ಟೆ ಬಿಚ್ಚಿ ಗಣೆಯನ್ನು ಹೊರಗೆ ತಂದ. ಊದುವ ಮುದುಕರು ಸ್ವಲ್ಪ ಗತ್ತಿನ ಆಸಾಮಿ. ಕಾಫಿಗೆ ಸಕ್ಕರೆ ಸಾಲದು ಎಂದು ಇನ್ನೊಂದು ಲೋಟ ತರಿಸಿದರು. ಗಣೆಗೆ ನೀರು ಹನಿಸಿದರು, ಸವರಿದರು, ತೂತುಗಳ ಮೇಲೆ ಬೆರಳಿಟ್ಟು, ಕೈ ಅಗಲಿಸಿ ಹೊಂದಿಸಿಕೊಂಡರು. "ದೊಡ್ಡ ಕೈ ಅವನ್ದು" ಎಂದು ಗೊಣಗಿದರು. ಆಮೇಲೆ ಊದಿದರು.

ನನಗೆ ಸಂಗೀತದ ಗಂಧವಿಲ್ಲ. ಆದರೂ ಮೈ ಜುಮ್ಮೆಂದಿತು. ಮೇಡಂ ಅವರ ಸೋದರತ್ತೆ, ಕಣ್ಣು ಮಂಜಾದ ಮುದುಕಿ, "ಅಯ್ಯೋ ನಮ್ಮಣ್ಣ" ಎಂದು ಸೆರಗು ಬಾಯಿಗೆ ತುರುಕಿಕೊಂಡರು. ಹಟ್ಟಿಯ ಹಳಬರೆಲ್ಲ ಕಣ್ಣೊರೆಸಿಕೊಳ್ಳುತ್ತಿದ್ದರು. ನಾನು ಮೇಡಂ ಕಡೆ ತಿರುಗಿದೆ. ಅವರು ಅಳುತ್ತಿರಲಿಲ್ಲ. ಹುಬ್ಬು ಗಂಟಿಕ್ಕಿ, ಉತ್ತರಪತ್ರಿಕೆಯಲ್ಲಿ ತಪ್ಪು ಕಂಡಾಗ ನೋಡುತ್ತಿದ್ದ ಹಾಗೆ ಗಣೆಯನ್ನೇ ನೋಡುತ್ತಿದ್ದರು.

ಊದುವುದು ನಿಂತ ಮೇಲೆ, "ತಾತ, ಗಣೆ ಏನಾನ ಸೀಳೈತಾ ನೋಡಿ" ಎಂದರು.

ಮುದುಕರಿಗೆ ಸಿಟ್ಟು ಬಂತು. "ಸೀಳಾ? ಒಂದು ಎಳೆ ಸೀಳಿಲ್ಲ ಕಣವ್ವ. ನಿಮ್ಮಪ್ಪ ಹೆಂಗೆ ಮಡಿಗಿದ್ನೋ ಅಂಗೇ ಐತೆ."

"ಮೂರನೇ ದನಿ ಇಳಿದೈತೆ."

"ಇಳಿಯಾಕೆ ಅದೇನು ಬಾವಿ ನೀರಾ? ಈ ಗಣೆ ದನೀನೇ ಅಂಗೆ. ಅವ್ನು ಊದಾದ್ನ ನಾನು ಎದುರಿಗೆ ಕುಂತು ಕೇಳಿವ್ನಿ."

"ಏನವ್ವಾ ನೀನು," ಎಂದು ಅತ್ತೆಯೂ ರೇಗಿದರು. "ನಮ್ಮಣ್ಣನೇ ಬಂದು ಕುಂತಂಗೈತೆ, ಇಳಿದೈತೆ ಅಂತೀಯಲ್ಲ!"

ಮೇಡಂ ಚೀಲದಿಂದ ಯುಕುಲೇಲಿ ತೆಗೆದರು. ಮುದುಕರಿಂದ ಒಂದೊಂದೇ ದನಿಯನ್ನು ಉದ್ದಕ್ಕೆ ಊದಿಸಿಕೊಂಡು, ಗಣೆಯ ಎತ್ತರಕ್ಕೆ ತಮ್ಮ ತಂತಿಗಳನ್ನು ಹೊಂದಿಸಿಕೊಂಡರು. ನಾಲ್ಕು ದನಿ ಸಲೀಸಾಗಿ ಕೂತವು. ಐದನೆಯ ಸಲ, ಆ ಮೂರನೆಯದನ್ನು ಊದಿ ಎಂದರು. ಅವರು ಊದಿದರು, ಇವರು ಮೀಟಿದರು. ಆ ಎರಡೂ ಒಂದಕ್ಕೊಂದು ಉಜ್ಜಿಕೊಂಡದ್ದು ನನ್ನಂಥ ಕಿವುಡಿಗೂ ಕೇಳಿಸಿತು. ಮೇಡಂ ಬಿರಡೆ ಸಡಿಲಿಸಿದರು. ಇನ್ನೂ ಉಜ್ಜಾಟ. ಮತ್ತೆ ಸಡಿಲಿಸಿದರು. "ಇಷ್ಟೊಂದಾ?" ಎಂದು ತಮ್ಮಷ್ಟಕ್ಕೆ ಅಂದುಕೊಂಡರು. ಇನ್ನೂ ಸ್ವಲ್ಪ ಇಳಿಸಿದ ಮೇಲೆ ಉಜ್ಜಾಟ ನಿಂತು ಬಿದಿರೂ ತಂತಿಯೂ ಒಂದಾದವು.

ಅವರ ಕೈ ಬಿರಡೆಯ ಮೇಲೇ ಉಳಿಯಿತು. ನನ್ನ ಕಡೆ ತಿರುಗಿ, ಬೇರೆ ಯಾರಿಗೂ ಕೇಳದ ಹಾಗೆ ಹೇಳಿದರು. "ದಿನಾ ಒಂಚೂರೊಂಚೂರು ಮೇಲಕ್ಕೆ ತಂದ್ಬುಟ್ಟಿದೀನಿ ಕಣ್ರೀ. ಗೊತ್ತೇ ಆಗ್ಲಿಲ್ಲ. ಬಾರಿಸ್ತಾ ಬಾರಿಸ್ತಾ ನಮ್ಮಪ್ಪನ್ನ ನಾನೇ ತಿದ್ದಿಬುಟ್ಟೆ."

ಸಮಾಧಾನ ಹೇಳಲು ನಾನು ಬಾಯಿ ತೆರೆದೆ. "ಈಗ ಸಿಕ್ಕಿತಲ್ಲ ಮೇಡಂ. ತಂತಿ ಸರಿಹೋಯಿತಲ್ಲ."

"ತಂತಿ ಸರಿಹೋಯ್ತು. ಕಿವಿ ಸರಿಹೋಗಿಲ್ವಲ್ಲ." ಮತ್ತೊಮ್ಮೆ ಮೀಟಿದರು, ಕೇಳಿದರು, ಇಲ್ಲವೆಂದು ತಲೆಯಾಡಿಸಿದರು. "ಇದೇ ಸರಿ ಅಂತ ಗೊತ್ತು. ಆದ್ರೂ ತಪ್ಪು ಅಂತ್ಲೇ ಕೇಳುಸ್ತೈತೆ. ಯಾರೋ ಗೊತ್ತಿಲ್ದೋರು ಊದ್ತಾ ಅವ್ರೆ ಅಂತ ಕೇಳುಸ್ತೈತೆ. ಇನ್ನು ನಂಗೆ ಎಲ್ಲಿ ಸಿಗ್ತಾನೆ ಹೇಳಿ ನಮ್ಮಪ್ಪ?"

ಯಾರನ್ನು ಬೈಯಬೇಕು? ಎರಡು ವರ್ಷ ಅವರು ಮಾಡಿದ್ದು ಅಪ್ಪನನ್ನು ನೆನೆಯುವ ಕೆಲಸ ಒಂದನ್ನೇ. ದಿನಾ ನೆನೆದು ನೆನೆದೇ ಅವನು ಅಳಿಸಿಹೋಗಿದ್ದ.

ಅಷ್ಟರಲ್ಲಿ ಹಟ್ಟಿಯವರು, "ಮೇಷ್ಟ್ರಮ್ಮ, ನೀನೂ ಒಂದು ಕಿತ ಬಾರ್ಸವ್ವ" ಎಂದು ಶುರು ಮಾಡಿದರು. ಪೂಜಾರಿ ತಮ್ಮನೂ, "ತಂತಿ ತಾನೆ, ಬಾರ್ಸಕ್ಕ, ದ್ಯಾವ್ರೇನೂ ಅನ್ನಾಕಿಲ್ಲ" ಎಂದ. ಮೇಡಂ ಬೇಡ ಎನ್ನುತ್ತಾರೆ ಅಂದುಕೊಂಡೆ. ಅವರು ಬಾರಿಸಿದರು. ಕಣ್ಣು ಮುಚ್ಚಲಿಲ್ಲ. ಬೋರ್ಡಿನ ಮೇಲೆ ಬೇರೆಯವರು ಬರೆದದ್ದನ್ನು ನಕಲು ಮಾಡುವವರ ಹಾಗೆ ಬೆರಳುಗಳನ್ನೇ ನೋಡುತ್ತ, ಒಂದು ತಪ್ಪಿಲ್ಲದೆ, ಐದೂ ಸ್ವರ ಹತ್ತಿ ಇಳಿದರು. ಆಮೇಲೆ ಅಪ್ಪನ ಪದದ ಧಾಟಿ ಹಿಡಿದರು. ಜನ ಉಸಿರು ಬಿಗಿಹಿಡಿದು ಕೂತರು. ಗಣೆಯ ಮುದುಕರು ಮೊದಲ ಸಲ ಗತ್ತು ಬಿಟ್ಟು, "ಅಲಲಲಾ" ಎಂದು ತೊಡೆ ತಟ್ಟಿದರು.

ಅತ್ತೆ ದನಿ ಬಂದ ದಿಕ್ಕಿಗೆ ತೆವಳಿಕೊಂಡು ಬಂದು ಮೇಡಂ ಮಂಡಿಯ ಮೇಲೆ ಕೈಯಿಟ್ಟರು. ಮುಖ ಕಣ್ಣೀರಿನಲ್ಲಿ ತೊಯ್ದಿತ್ತು. "ಅದೇ ಕಣವ್ವ, ಅದೇ. ಒಂದು ಎಳೆ ಹೆಚ್ಚುಕಮ್ಮಿ ಇಲ್ಲ. ನಮ್ಮಣ್ಣನೇ. ನಿಂಗೂ ಕೇಳ್ತೈತಾ? ನಿಮ್ಮಪ್ಪ ಕಣೇ, ನಿಮ್ಮಪ್ಪ!"

ಮೇಡಂ ಆ ಮಂಜುಗಣ್ಣುಗಳನ್ನು ಸ್ವಲ್ಪ ಹೊತ್ತು ನೋಡಿದರು.

"ಹೂಂ ಕಣತ್ತೆ," ಎಂದರು. "ಅಪ್ಪನೇ."

"ಇನ್ನೊಂದು ಕಿತ ಬಾರ್ಸು, ಹೋಗ್ಬುಡ್ತಾನೆ."

ಮೇಡಂ ಮತ್ತೆ ಮೊದಲಿಂದ ಬಾರಿಸತೊಡಗಿದರು.